ನಿಂತ ಸುರುಳಿ, ತಿರುಗುವ ಹುಳು: ಜರ್ಮನಿಯ ಹಳೆಯ ಗಾಳದ ರೀಲುಗಳು

ಇವತ್ತಿನ ಸಂಚಿಕೆಯ ವಿಷಯ ಮೀನಲ್ಲ, ಮೀನು ಹಿಡಿಯೋ ಯಂತ್ರ. ಅದರಲ್ಲೂ ಐವತ್ತು ಅರವತ್ತು ವರ್ಷ ಹಳೆಯದಾದ, ಒಂದು ಕೈಯಲ್ಲಿ ಹಿಡಿಯುವಷ್ಟು ಗಾತ್ರದ, ಜರ್ಮನಿಯಲ್ಲಿ ತಯಾರಾದ ಸ್ಪಿನ್ನಿಂಗ್ ರೀಲು. ಮ್ಯೂನಿಕ್, ಸ್ಟುಟ್‌ಗಾರ್ಟ್, ಬರ್ಲಿನ್ ಕಡೆ ನೆಲೆಸಿರೋ ನಮ್ಮ ಕೇಳುಗರು ಇದನ್ನ ನೋಡಿಯೇ ಇರ್ತೀರಿ, ಗುರುತಿಸಿರಲಿಕ್ಕಿಲ್ಲ ಅಷ್ಟೆ. ಫ್ಲೋಮಾರ್ಕ್ಟ್ ಅಂತ ಕರೆಯೋ ಹಳೆ ಸಾಮಾನಿನ ಸಂತೆಯಲ್ಲಿ, ತುಕ್ಕು ಹಿಡಿದ ಸುತ್ತಿಗೆ, ಕಾಫಿ ಬೀಜ ಪುಡಿ ಮಾಡೋ ಪೆಟ್ಟಿಗೆ, ಹಳೆ ಕ್ಯಾಮರಾಗಳ ನಡುವೆ ಒಂದು ರಟ್ಟಿನ ಡಬ್ಬದಲ್ಲಿ ಹಿಡಿಕೆ ಇರೋ ಲೋಹದ ಗುಂಡಿನಂಥ ಸಾಮಾನು ಬಿದ್ದಿರುತ್ತೆ. ಹಿಡಿಕೆ ತಿರುಗಿಸಿದ್ರೆ ಒಂದು ತಂತಿಯ ಬಳೆ ಗಿರ್ರನೆ ಸುತ್ತುತ್ತೆ. ಅದೇ.

ಅದನ್ನ ಕೊಂಡಿದ್ದ ಪೀಳಿಗೆ ಈಗ ಒಬ್ಬೊಬ್ಬರಾಗಿ ಹೊರಟುಹೋಗ್ತಾ ಇದೆ. ಮಕ್ಕಳು ಮನೆ ಖಾಲಿ ಮಾಡಿಸುವಾಗ ನೆಲಮಾಳಿಗೆಯಿಂದ ರೀಲುಗಳು ಮೇಲೆ ಬರ್ತವೆ, ಒಂದು ಡಬ್ಬಕ್ಕೆ ಇಷ್ಟು ಅಂತ ಮಾರಾಟ ಆಗ್ತವೆ, ಮಾರಾಟ ಆಗದೇ ಉಳಿದದ್ದು ಗುಜರಿಗೆ ಹೋಗುತ್ತೆ. ಬಿಡಿಭಾಗ ಈಗ ಯಾರೂ ತಯಾರಿಸಲ್ಲ. ಹಾಗಾಗಿ ಒಂದು ರೀಲನ್ನ ಬದುಕಿಸಬೇಕು ಅಂದ್ರೆ ಇನ್ನೊಂದನ್ನ ಬಿಚ್ಚಬೇಕು. ತಿಳಿಯದೆ ಹಾಳು ಮಾಡಿದ ಪ್ರತಿ ರೀಲಿನ ಜೊತೆ ಉಳಿದವುಗಳ ಆಯಸ್ಸೂ ಒಂದಿಷ್ಟು ಕಮ್ಮಿ ಆಗುತ್ತೆ. ಬಿಚ್ಚೋ ಮೊದಲು ಒಳಗೆ ಏನಿದೆ, ಅದು ಯಾಕೆ ಹಾಗಿದೆ ಅಂತ ತಿಳಿದುಕೊಳ್ಳೋದೇ ಸಂಗ್ರಹದ ಮೊದಲ ಪಾಠ ಅಂತ ನಮ್ಮ ಅಭಿಪ್ರಾಯ. ಬನ್ನಿ, ಒಳಗೆ ಹೋಗೋಣ.

ಹೆಸರಿನಿಂದ ಶುರು ಮಾಡೋಣ. ಇಂಗ್ಲಿಷಿನವರು ಸ್ಪಿನ್ನಿಂಗ್ ರೀಲ್ ಅಂದ್ರು. ಅಲ್ಲಿ ಗಿರಗಿರ ತಿರುಗೋದು ನೀರಿನೊಳಗಿನ ಹುಸಿ ಮೀನು, ಲೋಹದ ತಗಡಿನದು. ಜರ್ಮನರು ಇದಕ್ಕೆ ಇಟ್ಟ ಹೆಸರು ಷ್ಟಾಟ್ಸಿಯೊನೇರ್‌ರೊಲ್ಲೆ. ಅಂದ್ರೆ ನಿಂತಲ್ಲೇ ನಿಂತಿರೋ ಸುರುಳಿ. ವಿಜ್ಞಾನದ ದೃಷ್ಟಿಯಿಂದ ನೋಡಿದ್ರೆ ಜರ್ಮನ್ ಹೆಸರೇ ಸರಿ, ಯಾಕಂದ್ರೆ ಈ ಯಂತ್ರದ ಪೂರ್ತಿ ಜಾಣತನ ಇರೋದು ಸುರುಳಿ ತಿರುಗದೇ ಇರೋದರಲ್ಲಿ.

ಹಳೆ ಕಾಲದ ರೀಲು ಬಾವಿಯ ರಾಟೆಯ ಹಾಗೆ. ಗಾಳ ಎಸೆದಾಗ ದಾರ ಎಳೆಯುತ್ತೆ, ಸುರುಳಿ ಸುತ್ತುತ್ತೆ. ಇದರಲ್ಲಿ ಎರಡು ತೊಂದರೆ. ಹಗುರವಾದ ಗಾಳಕ್ಕೆ ಭಾರವಾದ ಸುರುಳಿಯನ್ನ ತಿರುಗಿಸೋ ಶಕ್ತಿ ಇರಲ್ಲ, ದೂರ ಹೋಗಲ್ಲ. ಎರಡನೆಯದು ಇನ್ನೂ ಕೆಟ್ಟದ್ದು. ಗಾಳ ನೀರಿಗೆ ಬಿದ್ದು ನಿಂತ ಮೇಲೂ ಸುರುಳಿ ಜಡತ್ವದಿಂದ ಸುತ್ತುತ್ತಲೇ ಇರುತ್ತೆ, ದಾರ ಉಕ್ಕಿ ಹಕ್ಕಿಗೂಡಿನ ಥರ ಗಂಟಾಗುತ್ತೆ. ಹೆಬ್ಬೆರಳಿನಿಂದ ಒತ್ತಿ ಹಿಡಿಯೋದನ್ನ ಕಲಿಯೋಕೆ ವರ್ಷಗಟ್ಟಲೆ ಅಭ್ಯಾಸ ಬೇಕು.

ಪರಿಹಾರ ಬಂದದ್ದು ನೇಯ್ಗೆಯ ಊರಿನಿಂದ. ಇಂಗ್ಲೆಂಡಿನ ಬ್ರಾಡ್‌ಫರ್ಡ್ ಉಣ್ಣೆ ಗಿರಣಿಗಳ ಪಟ್ಟಣ. ಅಲ್ಲಿನ ಜವಳಿ ಉದ್ಯಮಿ ಆಲ್ಫ್ರೆಡ್ ಹೋಲ್ಡನ್ ಇಲಿಂಗ್‌ವರ್ತ್ 1905ರಲ್ಲಿ ಸುರುಳಿ ತಿರುಗದ ರೀಲಿಗೆ ಪೇಟೆಂಟ್ ಪಡೆದ. ಅವನ ಕಣ್ಣೆದುರು ದಿನವೂ ಇದ್ದ ದೃಶ್ಯ ನಮ್ಮವರಿಗೂ ಹೊಸದಲ್ಲ. ಇಳಕಲ್ಲಿನಲ್ಲೋ ಗುಳೇದಗುಡ್ಡದಲ್ಲೋ ಕೈಮಗ್ಗದ ಮುಂದೆ ಕೂತು ನೋಡಿ. ಲಾಳಿಯೊಳಗೆ ಕಂಡಿಕೆ ಇರುತ್ತೆ, ಹೊಕ್ಕಿನ ನೂಲು ಸುತ್ತಿದ ಪುಟ್ಟ ಕಡ್ಡಿ. ಲಾಳಿ ಅತ್ತಿಂದಿತ್ತ ಹಾರುವಾಗ ಕಂಡಿಕೆ ತಿರುಗಲ್ಲ. ನೂಲು ಅದರ ತುದಿಯ ಮೇಲಿಂದ ಸುತ್ತು ಸುತ್ತಾಗಿ ಜಾರಿ ಬರುತ್ತೆ. ತಿರುಗಿಸಬೇಕಾದ ತೂಕವೇ ಇಲ್ಲ, ಲಾಳಿ ನಿಂತ ಕ್ಷಣ ನೂಲೂ ನಿಲ್ಲುತ್ತೆ. ಹಾರುವ ಲಾಳಿಯನ್ನ ಜಾನ್ ಕೇ 1733ರಲ್ಲೇ ಮಾಡಿದ್ದ. ಅದನ್ನ ನಮ್ಮ ಮಂಗಳೂರಿಗೆ ತಂದವರು ಬಾಸೆಲ್ ಮಿಷನ್ನಿನವರು, ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ. ಮಂಗಳೂರಿನ ನೇಯ್ಗೆ ಕಾರ್ಖಾನೆಗೂ ಮೀನು ಹಿಡಿಯೋ ರೀಲಿಗೂ ಒಂದೇ ಅಜ್ಜಿ ಅನ್ನಬಹುದು!

ಆದರೆ ಇಲಿಂಗ್‌ವರ್ತ್ ಮಾಡಿದ್ದು ಬರೀ ನಕಲಲ್ಲ. ಅವನಿಗೂ ಮೊದಲು, 1884ರಲ್ಲಿ, ಸ್ಕಾಟ್ಲೆಂಡಿನ ಪರ್ತ್ ಊರಿನ ಪೀಟರ್ ಮ್ಯಾಲಕ್ ಒಂದು ಉಪಾಯ ಮಾಡಿದ್ದ. ಎಸೆಯುವಾಗ ಸುರುಳಿಯನ್ನ ತೊಂಬತ್ತು ಡಿಗ್ರಿ ಹೊರಳಿಸೋದು, ದಾರ ತುದಿಯಿಂದ ಜಾರಿ ಹೋಗುತ್ತೆ. ಆಮೇಲೆ ಸುರುಳಿಯನ್ನ ಮೊದಲಿನಂತೆ ತಿರುಗಿಸಿ ರಾಟೆಯ ಹಾಗೆ ಸುತ್ತಿಕೊಳ್ಳೋದು. ಚೆನ್ನಾಗಿಯೇ ಇದೆ ಅಲ್ವಾ? ಇಲ್ಲೊಂದು ಪ್ರಯೋಗ ಮಾಡಿ. ಉಡುಗೊರೆಗೆ ಕಟ್ಟೋ ಚಪ್ಪಟೆ ರಿಬ್ಬನ್ನನ್ನ ಒಂದು ಪೆನ್ನಿಗೆ ಪೆನ್ನು ತಿರುಗಿಸುತ್ತಾ ಹತ್ತು ಸುತ್ತು ಸುತ್ತಿ. ಈಗ ಪೆನ್ನು ತಿರುಗಿಸದೆ, ತುದಿಯ ಕಡೆಯಿಂದ ರಿಬ್ಬನ್ ಎಳೆದು ತೆಗೆಯಿರಿ. ರಿಬ್ಬನ್ನಿನಲ್ಲಿ ಹತ್ತು ತಿರುಚು ಬಂದಿರುತ್ತೆ. ಒಂದು ಸುತ್ತಿಗೆ ಒಂದು ತಿರುಚು, ಲೆಕ್ಕ ತಪ್ಪೋದೇ ಇಲ್ಲ. ಮ್ಯಾಲಕ್‌ನ ರೀಲಿನಲ್ಲಿ ಪ್ರತಿ ಎಸೆತಕ್ಕೂ ಇದೇ ಆಗ್ತಿತ್ತು. ನೂಲಿಗೆ ಒಂದಿಷ್ಟು ತಿರುಚು ಬಂದರೆ ನೇಕಾರನಿಗೆ ತೊಂದರೆ ಇಲ್ಲ, ಬಟ್ಟೆಯೊಳಗೆ ಸೇರಿ ಹೋಗುತ್ತೆ. ಗಾಳದ ದಾರ ಮಾತ್ರ ಅದೇ ಸುರುಳಿಗೆ ಮತ್ತೆ ಮತ್ತೆ ಬರಬೇಕು. ಹಾಗಾಗಿ ತಿರುಚು ಕೂಡ್ತಾ ಕೂಡ್ತಾ ದಾರ ಹಾವಿನ ಹಾಗೆ ಸುತ್ತಿಕೊಳ್ಳುತ್ತೆ.

ಇಲಿಂಗ್‌ವರ್ತ್‌ನ ಉತ್ತರ ಸರಳ. ಎಸೆಯುವಾಗಲೂ ಸುರುಳಿ ತಿರುಗಬಾರದು, ಸುತ್ತಿಕೊಳ್ಳುವಾಗಲೂ ತಿರುಗಬಾರದು. ಒಂದು ಕೊಕ್ಕೆ ಸುರುಳಿಯ ಸುತ್ತ ಪ್ರದಕ್ಷಿಣೆ ಹಾಕುತ್ತಾ ದಾರವನ್ನ ಹೊದಿಸಲಿ. ಆಗ ಸುತ್ತುವಾಗ ಬೀಳೋ ಒಂದೊಂದು ತಿರುಚನ್ನ ಮುಂದಿನ ಎಸೆತ ಬಿಚ್ಚುತ್ತೆ. ರಿಬ್ಬನ್ನಿನಲ್ಲೇ ಪರೀಕ್ಷಿಸಿ. ಪೆನ್ನನ್ನ ನಿಲ್ಲಿಸಿ ರಿಬ್ಬನ್ನನ್ನ ಅದರ ಸುತ್ತ ಒಯ್ದು ಸುತ್ತಿ, ಆಮೇಲೆ ತುದಿಯಿಂದ ಎಳೆಯಿರಿ. ಕೂಡಿದ್ದು ಕಳೆದು ಸೊನ್ನೆ. ಆ ಕೊಕ್ಕೆಯೇ ಮುಂದೆ ಪೂರ್ತಿ ಕಮಾನಾಯ್ತು. ಇಂಗ್ಲೆಂಡಿನ ಹಾರ್ಡಿ ಕಂಪನಿ 1932ರಲ್ಲಿ ಆಲ್ಟೆಕ್ಸ್ ರೀಲಿನಲ್ಲಿ ತಂದ ಈ ಕಮಾನಿಗೆ ಇಂಗ್ಲಿಷಿನಲ್ಲಿ ಬೇಲ್ ಅಂತಾರೆ, ನಾವು ಬಳೆ ಅಂದರೆ ಸಾಕು.

ಇಷ್ಟಾದರೂ ಈ ರೀಲು ಎಲ್ಲರ ಕೈಗೆ ಬರೋಕೆ ಇನ್ನೊಂದು ವಸ್ತು ಬೇಕಿತ್ತು. ಹಳೆಯ ರೇಷ್ಮೆ, ನಾರಿನ ದಾರಗಳು ನೀರು ಕುಡಿದು ದಪ್ಪಗಾಗ್ತಿದ್ದವು, ಒಣಗಿಸದಿದ್ದರೆ ಕೊಳೀತಿದ್ದವು, ಸುರುಳಿಯ ಅಂಚಿಗೆ ತಿಕ್ಕಿ ವೇಗ ಕಳೆದುಕೊಳ್ತಿದ್ದವು. 1938ರಲ್ಲಿ ಬರ್ಲಿನ್ನಿನ ಲಿಷ್ಟೆನ್‌ಬೆರ್ಗಿನಲ್ಲಿ ರಸಾಯನ ವಿಜ್ಞಾನಿ ಪೌಲ್ ಶ್ಲಾಕ್ ಪರ್ಲಾನ್ ತಯಾರಿಸಿದರು. ಅಮೆರಿಕದ ನೈಲಾನಿಗೆ ಅದು ಜರ್ಮನಿಯ ಉತ್ತರ, ರಾಸಾಯನಿಕವಾಗಿ ನೈಲಾನ್ 6. ಯುದ್ಧ ಮುಗಿದ ಮೇಲೆ ಈ ಒಂಟಿ ಎಳೆಯ, ನುಣುಪಾದ ದಾರ ಮಾರುಕಟ್ಟೆಗೆ ಬಂತು. ತಿರುಗದ ಸುರುಳಿಗೆ ಹೇಳಿ ಮಾಡಿಸಿದ ಹಾಗಿತ್ತು. 1950ರ ದಶಕದ ನಂತರ ರೀಲುಗಳ ಸುಗ್ಗಿ ಬಂದದ್ದಕ್ಕೆ ಕೈಗೆ ಬಂದ ದುಡ್ಡು, ರಜೆ ಕಾರಣ ಹೌದು. ಅದರ ಜೊತೆಗೆ ಈ ದಾರವೂ ಕಾರಣ.

ಈಗ ನಮ್ಮ ಕಥಾನಾಯಕನ ಮನೆಗೆ ಬರೋಣ. ಡೊಯ್ಚೆ ಆಂಗೆಲ್‌ಗೆರೇಟೆ ಮನುಫಕ್ಟೂರ್, ಚಿಕ್ಕದಾಗಿ ಡಾಮ್. 1875ರಲ್ಲಿ ಬರ್ಲಿನ್ನಿನಲ್ಲಿ ತ್ಸೀಗೆನ್‌ಸ್ಪೆಕ್ ಮನೆತನದವರು ಶುರು ಮಾಡಿದ ಗಾಳ ಸಾಮಗ್ರಿಗಳ ಕಂಪನಿ. ಈ ಕಂಪನಿಯ ಹೆಸರಾಂತ ಹುಸಿ ಮೀನಿನ ಹೆಸರು ಎಫ್‌ತ್ಸೆಟ್. ಅದು ಬೇರೇನಲ್ಲ, ಫ್ರಿಟ್ಸ್ ತ್ಸೀಗೆನ್‌ಸ್ಪೆಕ್ ಅನ್ನೋ ಹೆಸರಿನ ಎರಡು ಮೊದಲಕ್ಷರಗಳನ್ನ ಜರ್ಮನರು ಉಚ್ಚರಿಸೋ ರೀತಿ. ಯುದ್ಧದ ನಂತರ ಬವೇರಿಯಾದ ಆಲ್ಟ್‌ಮ್ಯೂಲ್ ನದಿಯ ದಡದ ಗುಂಟ್ಸೆನ್‌ಹೌಸೆನ್ ಪಟ್ಟಣದಲ್ಲೂ ಕಂಪನಿ ನೆಲೆಯೂರಿತು. ಅವರ ರೀಲುಗಳ ಹೆಸರು ಕ್ವಿಕ್. ಜೂನಿಯರ್, ಸ್ಟ್ಯಾಂಡರ್ಡ್, ಸೂಪರ್, ಮೈಕ್ರೋಲೈಟ್, ಫಿನೆಸ್ಸಾ, ಆಮೇಲೆ 110, 220, 330 ಅನ್ನೋ ಅಂಕಿಗಳವು. ಅಮೆರಿಕಕ್ಕೂ ಹೇರಳವಾಗಿ ಹೋದವು. ಅಲ್ಲಿರೋ ಕೇಳುಗರೇ, ನಿಮ್ಮ ಊರಿನ ಗ್ಯಾರೇಜ್ ಸೇಲುಗಳಲ್ಲೂ ಒಮ್ಮೆ ಕಣ್ಣಾಡಿಸಿ. ಇವತ್ತು ಡಾಮ್ ಅನ್ನೋದು ಅಮೆರಿಕದ ಪ್ಯೂರ್ ಫಿಶಿಂಗ್ ಗುಂಪಿನ ಹಲವು ಬ್ರ್ಯಾಂಡುಗಳಲ್ಲಿ ಒಂದು.

1960, 70ರ ದಶಕಗಳ ಫಿನೆಸ್ಸಾ ಅಥವಾ 220ರ ಹಿಡಿಕೆಯನ್ನ ನಿಧಾನಕ್ಕೆ ತಿರುಗಿಸಿ ನೋಡಿದವರು ಒಂದೇ ಮಾತು ಹೇಳ್ತಾರೆ: ಬೆಣ್ಣೆ. ಹಲ್ಲಿಗೆ ಹಲ್ಲು ತಾಗೋದು ಕೈಗೆ ಗೊತ್ತೇ ಆಗಲ್ಲ. ಕಾರಣ ಒಳಗಿರೋ ವರ್ಮ್ ಗಿಯರ್, ಹುಳುವಿನ ಗಿಯರ್. ಈ ಸಂಚಿಕೆಯ ಹೂರಣ ಇರೋದು ಇಲ್ಲೇ, ಸ್ವಲ್ಪ ನಿಧಾನಕ್ಕೆ ಹೋಗೋಣ.

ಹುಳುವಿನ ಗಿಯರ್ ನೀವು ಗಿಟಾರಿನಲ್ಲಿ ನೋಡಿದ್ದೀರಿ. ತಂತಿ ಬಿಗಿ ಮಾಡೋ ಕಿವಿಯ ಕೆಳಗೆ ಒಂದು ಸ್ಕ್ರೂ, ಅದಕ್ಕೆ ಅಂಟಿಕೊಂಡು ಒಂದು ಹಲ್ಲಿನ ಚಕ್ರ. ಸ್ಕ್ರೂ ತಿರುಗಿಸಿದರೆ ಚಕ್ರ ತಿರುಗುತ್ತೆ. ಆದರೆ ತಂತಿ ಎಷ್ಟೇ ಜಗ್ಗಿದರೂ ಚಕ್ರ ಸ್ಕ್ರೂವನ್ನ ತಿರುಗಿಸಲ್ಲ, ಶ್ರುತಿ ಜಾರಲ್ಲ. ವೀಣೆಯ ಬಿರಡೆಯಲ್ಲಿ ಈ ಕೆಲಸ ಮರಕ್ಕೆ ಮರ ಕಚ್ಚೋದರಿಂದ ಆದರೆ, ಗಿಟಾರಿನಲ್ಲಿ ಸ್ಕ್ರೂವಿನ ಏರುಕೋನದಿಂದ ಆಗುತ್ತೆ. ಏರು ತೀರಾ ಕಮ್ಮಿ ಇದ್ದರೆ ಘರ್ಷಣೆ ಗೆಲ್ಲುತ್ತೆ, ಹಿಮ್ಮುಖ ಚಲನೆ ಬಂದ್.

ಈಗ ರೀಲಿನ ವಿಚಿತ್ರ ನೋಡಿ. ಇಲ್ಲಿ ಹಿಡಿಕೆ ಜೋಡಿಸಿರೋದು ದೊಡ್ಡ ಚಕ್ರಕ್ಕೆ. ವೇಗವಾಗಿ ತಿರುಗಬೇಕಾದ ಬಳೆ ಜೋಡಿಸಿರೋದು ಹುಳುವಿಗೆ. ಅಂದ್ರೆ ಚಕ್ರವೇ ಹುಳುವನ್ನ ತಿರುಗಿಸಬೇಕು, ಗಿಟಾರಿನಲ್ಲಿ ಯಾವುದು ಅಸಾಧ್ಯವೋ ಅದು! ಡಾಮ್‌ನವರು, ಹಾಗೇ ಇಟಲಿಯ ಆಲ್ಚೇಡೋ ಮೈಕ್ರಾನ್, ಸ್ವೀಡನ್ನಿನ ಆಬು ಕಾರ್ಡಿನಲ್ ಮಾಡಿದವರು, ಗಿಯರನ್ನ ಜೀವಮಾನವಿಡೀ ಉಲ್ಟಾ ದಿಕ್ಕಿನಲ್ಲಿ ದುಡಿಸಿದರು. ಅದಕ್ಕೆ ದಾರಿ ಒಂದೇ. ಹುಳುವಿನ ಸುರುಳಿಯನ್ನ ಬಹಳ ಕಡಿದಾಗಿ, ಹಲವು ಎಳೆಗಳಾಗಿ ಕತ್ತರಿಸಬೇಕು.

ಎಷ್ಟು ಕಡಿದು? ಒಂದು ಸರಳ ಲೆಕ್ಕ. ಚೆನ್ನಾಗಿ ಗ್ರೀಸ್ ಹಾಕಿದ ಲೋಹಗಳ ನಡುವೆ ಘರ್ಷಣಾಂಕ 0.1 ಅಂತ ಇಟ್ಟುಕೊಳ್ಳಿ. ಅದಕ್ಕೆ ಹೊಂದೋ ಘರ್ಷಣಾ ಕೋನ ಸುಮಾರು 5.7 ಡಿಗ್ರಿ. ಹುಳುವಿನ ಏರುಕೋನ ಇದಕ್ಕಿಂತ ಕಮ್ಮಿ ಇದ್ದರೆ ಹಿಡಿಕೆ ಅಲುಗಾಡಲ್ಲ. 10 ಡಿಗ್ರಿ ಇದ್ದರೆ ಕೈ ಹಾಕಿದ ಶಕ್ತಿಯಲ್ಲಿ ಸುಮಾರು 43 ಶೇಕಡ ಮಾತ್ರ ಬಳೆಗೆ ತಲುಪುತ್ತೆ. 45 ಡಿಗ್ರಿ ಇದ್ದರೆ 82 ಶೇಕಡ. ಈಗ ಅದೇ 45 ಡಿಗ್ರಿಯ ಗಿಯರಿನಲ್ಲಿ ಗ್ರೀಸ್ ಒಣಗಿ ಘರ್ಷಣಾಂಕ 0.3ಕ್ಕೆ ಏರಿತು ಅನ್ನಿ. ದಕ್ಷತೆ 54 ಶೇಕಡಕ್ಕೆ ಕುಸಿಯುತ್ತೆ. ಇದು ಹಲ್ಲಿನ ಆಕಾರದ ಸೂಕ್ಷ್ಮಗಳನ್ನ ಬಿಟ್ಟು ಮಾಡಿದ ಕಾಗದದ ಲೆಕ್ಕ, ಯಾವುದೇ ಒಂದು ಮಾಡೆಲಿನ ಅಳತೆ ಅಲ್ಲ. ಹಳೆಯ ರೀಲು ಯಾಕೆ ಬಿಗಿಯಾಗಿ ತಿರುಗುತ್ತೆ ಅನ್ನೋದಕ್ಕೆ ಉತ್ತರ ಮಾತ್ರ ಇದರಲ್ಲೇ ಇದೆ. ಬಹಳ ಸಲ ಗಿಯರ್ ಹಾಳಾಗಿರಲ್ಲ, ಗ್ರೀಸ್ ಸತ್ತಿರುತ್ತೆ.

ಹಾಗಾದರೆ ಬೆಣ್ಣೆ ಎಲ್ಲಿಂದ ಬಂತು? ಸಾಮಾನ್ಯ ಗಿಯರಿನಲ್ಲಿ ಹಲ್ಲು ಹಲ್ಲನ್ನ ತಳ್ಳಿ, ಉರುಳಿ, ಬಿಟ್ಟು, ಮುಂದಿನದನ್ನ ಹಿಡಿಯುತ್ತೆ. ಹುಳುವಿನ ಗಿಯರಿನಲ್ಲಿ ಮೇಲ್ಮೈ ಮೇಲ್ಮೈಯ ಮೇಲೆ ಎಡೆಬಿಡದೆ ಜಾರುತ್ತೆ. ಒಂದರಿಂದ ಇನ್ನೊಂದಕ್ಕೆ ಕೈ ಬದಲಾಗೋ ಕ್ಷಣ ಗೊತ್ತಾಗಲ್ಲ. ಜಾರೋದು ಅಂದ ಮೇಲೆ ಸವೆತ ಇದ್ದೇ ಇದೆ. ಅದಕ್ಕೇ ಇಂಥ ಜೋಡಿಯಲ್ಲಿ ಸಾಮಾನ್ಯವಾಗಿ ಉಕ್ಕಿನ ಹುಳು, ಕಂಚಿನಂಥ ಮೃದು ಲೋಹದ ಚಕ್ರ ಇಡ್ತಾರೆ. ಎರಡೂ ಒಂದೇ ಲೋಹವಾದರೆ ಒತ್ತಡದಲ್ಲಿ ಒಂದಕ್ಕೊಂದು ಅಂಟಿ ಕಿತ್ತುಬರೋ ಅಪಾಯ ಜಾಸ್ತಿ. ಕಡಿದಾದ ಹುಳು, ನಿಖರವಾಗಿ ಕತ್ತರಿಸಿದ ಚಕ್ರ, ಸದಾ ಗ್ರೀಸು: ಇದು ದುಬಾರಿ ಬಾಬತ್ತು. ಮುಂದೆ ಜಪಾನಿನ ಕಂಪನಿಗಳು ಎರಕದ ಗಿಯರು, ಬಾಲ್ ಬೇರಿಂಗುಗಳಿಂದ ಕಮ್ಮಿ ಬೆಲೆಯಲ್ಲಿ ಹಗುರವಾದ ರೀಲು ಕೊಟ್ಟಾಗ ಹುಳುವಿನ ಕಾಲ ಮುಗಿಯಿತು. ಹೊಸ ರೀಲು ಕೆಟ್ಟದ್ದು ಅಂತ ನಾವು ಹೇಳ್ತಿಲ್ಲ. ದಿನವಿಡೀ ಮೀನು ಹಿಡಿಯೋರಿಗೆ ಅದೇ ಒಳ್ಳೆಯದು, ತೂಕದಲ್ಲೂ ದಕ್ಷತೆಯಲ್ಲೂ. ಆದರೆ ಕೈಗೆ ಸಿಗೋ ಅನುಭವಕ್ಕೋಸ್ಕರ ಇಷ್ಟು ಶಕ್ತಿ, ಇಷ್ಟು ದುಡ್ಡು ಬಿಟ್ಟುಕೊಡಲು ಒಂದು ಕಾರ್ಖಾನೆ ಒಪ್ಪಿತ್ತಲ್ಲ, ಅದು ನಮಗೆ ಇಷ್ಟ.

ಹೋಲಿಕೆಗೆ ಫ್ರಾನ್ಸಿನ ಮಿಚೆಲ್ 300 ನೋಡಿ. ಗಡಿಯಾರ ಉದ್ಯಮದ ಊರಾದ ಕ್ಲೂಸ್‌ನಲ್ಲಿ ಕಾರ್ಪಾನೋ ಎ ಪೋನ್ಸ್ ಕಂಪನಿ ಮಾಡಿದ, ಮೊಟ್ಟೆಯಾಕಾರದ ಕಪ್ಪು ರೀಲು. ಅದರಲ್ಲಿ ಓರೆಹಲ್ಲಿನ ಗಿಯರ್. ತಿರುಗಿಸಿದರೆ ಗಡಿಯಾರಕ್ಕೆ ಚಾವಿ ಕೊಟ್ಟ ಹಾಗೆ ಕಿರ್ ಅನ್ನುತ್ತೆ, ಆದರೂ ಕೈಗೆ ಹಗುರ. ಜರ್ಮನಿಯ ಸಂತೆಗಳಲ್ಲಿ ಇದೂ ಸಿಗುತ್ತೆ, ಪೂರ್ವ ಜರ್ಮನಿಯ ರೀಲೆಹ್ ರೆಕ್ಸ್ ಕೂಡ ಸಿಗುತ್ತೆ. ಮೂರನ್ನೂ ಪಕ್ಕದಲ್ಲಿಟ್ಟು ಕಣ್ಣು ಮುಚ್ಚಿ ತಿರುಗಿಸಿ. ಯಾವುದು ಯಾವುದೆಂದು ಬೆರಳೇ ಹೇಳುತ್ತೆ.

ಗಿಯರ್ ಆಯ್ತು, ಇನ್ನು ಡ್ರ್ಯಾಗ್. ಸುರುಳಿ ತಿರುಗಲ್ಲ ಅಂತ ಹೇಳಿದ್ವಿ. ಒಂದು ಸಂದರ್ಭದಲ್ಲಿ ಮಾತ್ರ ತಿರುಗಲೇಬೇಕು: ದೊಡ್ಡ ಮೀನು ಓಡಿದಾಗ, ದಾರ ಹರಿಯೋ ಮೊದಲು. ಸುರುಳಿಯ ಒಳಗೆ ಅಥವಾ ಮೇಲೆ ಲೋಹ, ತೊಗಲು, ಫೆಲ್ಟಿನ ಬಿಲ್ಲೆಗಳನ್ನ ಒಂದರ ಮೇಲೊಂದು ಇಟ್ಟು ತಿರುಪಿನಿಂದ ಒತ್ತಿರ್ತಾರೆ. ಬಿಲ್ಲೆ ದೊಡ್ಡದಾದರೆ ಘರ್ಷಣೆ ಜಾಸ್ತಿ ಅಂತ ಬಹಳ ಜನ ತಿಳ್ಕೊಂಡಿರ್ತಾರೆ. ಶಾಲೆಯಲ್ಲಿ ಕಲಿತ ನಿಯಮ ನೆನಪಿಸಿಕೊಳ್ಳಿ, ಘರ್ಷಣೆಯ ಬಲ ತಾಗೋ ವಿಸ್ತೀರ್ಣದ ಮೇಲೆ ನಿಂತಿಲ್ಲ, ಒತ್ತೋ ಬಲದ ಮೇಲೆ ನಿಂತಿದೆ. ಹಾಗಾದರೆ ಇಷ್ಟೊಂದು ಬಿಲ್ಲೆ ಯಾಕೆ? ಒಂದೇ ತಿರುಪಿನ ಒತ್ತಡ ಪ್ರತಿ ಜೋಡಿ ಮೇಲ್ಮೈಯಲ್ಲೂ ಹೊಸದಾಗಿ ಕೆಲಸ ಮಾಡುತ್ತೆ. ನಾಲ್ಕು ಜೋಡಿ ಇದ್ದರೆ ನಾಲ್ಕು ಪಟ್ಟು.

ಇಲ್ಲೊಂದು ಗುಟ್ಟಿದೆ, ಎಷ್ಟೋ ವರ್ಷ ಮೀನು ಹಿಡಿದವರೂ ಇದನ್ನ ಗಮನಿಸಿರಲ್ಲ. ಸುರುಳಿ ತುಂಬಿದ್ದಾಗ ಅದರ ವ್ಯಾಸ 44 ಮಿ.ಮೀ. ಇದೆ ಅನ್ನಿ, ಡ್ರ್ಯಾಗ್ 1 ಕೆ.ಜಿ.ಗೆ ಜಾರೋ ಹಾಗೆ ಇಟ್ಟಿದ್ದೀರಿ. ಮೀನು ದಾರ ಎಳೆದೂ ಎಳೆದೂ ಸುರುಳಿಯ ವ್ಯಾಸ 22 ಮಿ.ಮೀ.ಗೆ ಇಳಿಯಿತು. ತಿರುಪು ಮುಟ್ಟಿಲ್ಲ, ಒಳಗಿನ ತಿರುಚುಬಲ ಅಷ್ಟೇ ಇದೆ. ಆದರೆ ತ್ರಿಜ್ಯ ಅರ್ಧ ಆಗಿರೋದರಿಂದ ಈಗ ಜಾರೋಕೆ 2 ಕೆ.ಜಿ. ಎಳೆತ ಬೇಕು. ಮೀನು ದೂರ ಹೋದಷ್ಟೂ ಬ್ರೇಕು ತಾನಾಗೇ ಬಿಗಿಯಾಗುತ್ತೆ. ಮನೆಯಲ್ಲಿ ಲಗೇಜು ತೂಗೋ ಸ್ಪ್ರಿಂಗ್ ತಕ್ಕಡಿ ಇದ್ದರೆ ದಾರದ ತುದಿಗೆ ಕಟ್ಟಿ ಎಳೆದು ನೋಡಿ, ತುಂಬಿದ ಸುರುಳಿಯಲ್ಲಿ ಒಮ್ಮೆ, ಅರ್ಧ ಖಾಲಿ ಸುರುಳಿಯಲ್ಲಿ ಒಮ್ಮೆ. ಹಾಗೇ ಮೊದಲ ಜಗ್ಗಿಗೆ ಮುಳ್ಳು ಎಲ್ಲಿಗೆ ಹೋಯ್ತು, ಜಾರೋಕೆ ಶುರುವಾದ ಮೇಲೆ ಎಲ್ಲಿ ನಿಂತಿತು ಅನ್ನೋದನ್ನೂ ಗಮನಿಸಿ. ಆ ಎರಡರ ಅಂತರವೇ ಸ್ಥಿರ ಘರ್ಷಣೆ ಮತ್ತು ಚಲನ ಘರ್ಷಣೆಯ ವ್ಯತ್ಯಾಸ. ಒಳ್ಳೆ ಡ್ರ್ಯಾಗಿನಲ್ಲಿ ಅದು ತೀರಾ ಕಮ್ಮಿ ಇರುತ್ತೆ. ಒಣಗಿ ಗಟ್ಟಿಯಾದ ತೊಗಲಿನ ಬಿಲ್ಲೆಯಲ್ಲಿ ಮೊದಲ ಜಗ್ಗಿಗೇ ದಾರ ಹರಿಯಬಹುದು.

ಡ್ರ್ಯಾಗ್ ಜಾರುವಾಗ ಹಿಡಿಕೆ ತಿರುಗಿಸಬೇಡಿ ಅಂತ ಹಳಬರು ಹೇಳೋದು ಮೊದಲು ಹೇಳಿದ ರಿಬ್ಬನ್ನಿನ ಕಾರಣಕ್ಕೇ. ಬಳೆ ಸುತ್ತುತ್ತಿದೆ, ಆದರೆ ದಾರ ಸುರುಳಿಗೆ ಸೇರುತ್ತಿಲ್ಲ. ಕಳೆಯೋರಿಲ್ಲದ ತಿರುಚು ದಾರಕ್ಕೆ ಸೇರುತ್ತಾ ಹೋಗುತ್ತೆ. ಗಿಯರ್ ಅನುಪಾತ 5 ಇದ್ದರೆ ಹಿಡಿಕೆಯ ಒಂದು ಸುತ್ತಿಗೆ ಐದು ತಿರುಚು.

ಇಷ್ಟು ತಿಳಿದ ಮೇಲೆ ಸಂತೆಗೆ ಹೋಗಬಹುದು. ಮೊದಲು ಹೊಳಪು ನೋಡಬೇಡಿ, ಸ್ಕ್ರೂಗಳ ತಲೆ ನೋಡಿ. ಸೀಳು ಚೂಪಾಗಿದ್ದರೆ ಒಳಗೆ ಯಾರೂ ಕೈ ಹಾಕಿಲ್ಲ. ಕಿತ್ತುಹೋಗಿದ್ದರೆ ಅಳತೆ ತಪ್ಪಿದ ಸ್ಕ್ರೂಡ್ರೈವರ್ ಹಿಡಿದು ಯಾರೋ ಒಳಗೆ ಹೋಗಿ ಬಂದಿದ್ದಾರೆ, ವಾಷರು ಒಂದೆರಡು ಕಾಣೆಯಾಗಿರೋ ಸಂಭವ ಇದೆ. ಹಿಡಿಕೆಯನ್ನ ಬಹಳ ನಿಧಾನಕ್ಕೆ ತಿರುಗಿಸಿ. ಒಂದೇ ಸಮ ಬಿಗಿಯಾಗಿದ್ದರೆ ಗ್ರೀಸಿನ ಸಮಸ್ಯೆ, ವಾಸಿಯಾಗುತ್ತೆ. ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ತಡೆದರೆ ಹಲ್ಲಿಗೆ ಪೆಟ್ಟಾಗಿದೆ, ಬಿಡಿಭಾಗಕ್ಕೆ ಮಾತ್ರ ತಗೊಳ್ಳಿ. ಹಿಮ್ಮುಖ ತಡೆಯನ್ನ ಬಿಡಿಸಿ ಬಳೆಯನ್ನೇ ಕೈಯಿಂದ ಸುತ್ತಿಸಿ ನೋಡಿ. ಹುಳುವಿನ ಗಿಯರಿಗೆ ಇದು ಸಹಜ ದಿಕ್ಕು. ಇಲ್ಲೂ ಅಡ್ಡಿಯಾದರೆ ಯೋಚಿಸಬೇಕು. ಬಳೆ ತೆರೆದು ಬಿಟ್ಟಾಗ ಟಕ್ ಅಂತ ಮುಚ್ಚಬೇಕು, ಸೋಮಾರಿತನ ತೋರಿಸಿದರೆ ಸ್ಪ್ರಿಂಗು ದಣಿದಿದೆ.

ಕಾಲ ಗುರುತಿಸೋಕೆ ಪಾದವನ್ನ, ಅಂದ್ರೆ ಕೋಲಿಗೆ ಕೂರೋ ಪಟ್ಟಿಯನ್ನ ನೋಡಿ. ಪಶ್ಚಿಮ ಜರ್ಮನಿ ಅಂತ ಅಚ್ಚೊತ್ತಿದ್ದರೆ 1949ರಿಂದ 1990ರ ಒಳಗಿನದು. ಬರೀ ಜರ್ಮನಿ ಅಂತಿದ್ದರೆ ಅದೊಂದರಿಂದಲೇ ಕಾಲ ನಿರ್ಧರಿಸೋಕಾಗಲ್ಲ. ಅಂದಹಾಗೆ ಮೇಡ್ ಇನ್ ಜರ್ಮನಿ ಅನ್ನೋ ಮುದ್ರೆ ಹುಟ್ಟಿದ್ದು 1887ರ ಬ್ರಿಟಿಷ್ ಕಾನೂನಿನಿಂದ, ಇದು ಪರದೇಶದ ಮಾಲು, ಹುಷಾರಾಗಿರಿ ಅಂತ ಗ್ರಾಹಕರನ್ನ ಎಚ್ಚರಿಸೋಕೆ. ಇನ್ನೊಂದು ವಿಷಯ, ನಂತರದ ದಶಕಗಳಲ್ಲಿ ಕ್ವಿಕ್ ಹೆಸರಿನಲ್ಲೇ ಏಷ್ಯಾದಲ್ಲಿ ತಯಾರಾದ ರೀಲುಗಳೂ ಬಂದವು. ಹೆಸರು ನೋಡಿ ದುಡ್ಡು ಕೊಡಬೇಡಿ, ಪಾದ ನೋಡಿ ಕೊಡಿ.

ಮನೆಗೆ ತಂದ ಮೇಲೆ ನಡೆಯೋ ಅನಾಹುತಗಳೇ ಹೆಚ್ಚು. ಹಳೆ ಗ್ರೀಸ್ ಗಾಳಿಯ ಆಮ್ಲಜನಕದ ಜೊತೆ ಸೇರಿ ದಶಕಗಳಲ್ಲಿ ಅಂಟಾಗುತ್ತೆ. ಜರ್ಮನರು ಇದಕ್ಕೆ ಫೆರ್‌ಹಾರ್ಟ್ಸ್ಟ್ ಅಂತಾರೆ, ರಾಳವಾಗಿದೆ ಅಂತ ಅರ್ಥ. ಹಲಸಿನ ಹಣ್ಣು ಬಿಡಿಸಿದವರಿಗೆ ಪರಿಹಾರ ಗೊತ್ತೇ ಇದೆ. ಮೇಣ ನೀರಿಗೆ ಬಗ್ಗಲ್ಲ, ಎಣ್ಣೆಗೆ ಬಗ್ಗುತ್ತೆ. ಇಲ್ಲೂ ಅದೇ ತತ್ವ, ಎಣ್ಣೆಯಂಥದ್ದನ್ನ ಎಣ್ಣೆಯಂಥದ್ದೇ ಕರಗಿಸಬೇಕು. ಜರ್ಮನಿಯ ಅಂಗಡಿಗಳಲ್ಲಿ ಸಿಗೋ ವಾಷ್‌ಬೆಂಜೀನ್ ಬಳಸಬಹುದು. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ, ಉಳಿದದ್ದನ್ನ ಸಿಂಕಿಗೆ ಸುರಿಯಬೇಡಿ. ಅಸಿಟೋನ್ ಮಾತ್ರ ಬೇಡ, ಅದು ಬಣ್ಣವನ್ನೂ ಕೆಲವು ಪ್ಲಾಸ್ಟಿಕ್ ಗುಬ್ಬಿಗಳನ್ನೂ ತಿಂದುಹಾಕುತ್ತೆ.

ಡಿಷ್‌ವಾಷರಿಗೆ ಹಾಕಿದರೆ ಸುಲಭ ಅಲ್ವಾ ಅಂತ ಕೇಳೋರಿದ್ದಾರೆ. ದಯವಿಟ್ಟು ಬೇಡ. ಅಲ್ಯೂಮಿನಿಯಂ ಹೊಳೆಯೋದು, ಬಾಳೋದು ಅದರ ಮೇಲಿನ ತೆಳ್ಳನೆಯ ಆಕ್ಸೈಡ್ ಪೊರೆಯಿಂದ. ಡಿಷ್‌ವಾಷರಿನ ಪುಡಿ ಕ್ಷಾರ, ಕ್ಷಾರ ಆ ಪೊರೆಯನ್ನ ಕರಗಿಸಿ ಒಳಗಿನ ಲೋಹವನ್ನೇ ಕಚ್ಚುತ್ತೆ. ಒಂದು ಸಲ ತೊಳೆದರೆ ಸಾಕು, ಬೂದಿ ಬಣ್ಣಕ್ಕೆ ತಿರುಗುತ್ತೆ. ಸಮುದ್ರದಲ್ಲಿ ಬಳಸಿದ ರೀಲಾದರೆ ಹಿತ್ತಾಳೆ ಅಥವಾ ಉಕ್ಕಿನ ಸ್ಕ್ರೂ ಅಲ್ಯೂಮಿನಿಯಂ ಮೈಗೆ ಸೇರೋ ಕಡೆ ಬಿಳಿ ಪುಡಿ ಕಾಣುತ್ತೆ. ಉಪ್ಪುನೀರು ನಡುವೆ ಇದ್ದಾಗ ಎರಡು ಬೇರೆ ಲೋಹಗಳು ಒಂದು ಪುಟ್ಟ ಬ್ಯಾಟರಿ ಆಗ್ತವೆ, ಅಲ್ಯೂಮಿನಿಯಂ ಕರಗಿ ದಂಡ ತೆರುತ್ತೆ. ಅಂಥ ಸ್ಕ್ರೂವನ್ನ ಬಲವಂತವಾಗಿ ತಿರುಗಿಸಿದರೆ ತಲೆ ಮುರಿಯುತ್ತೆ. ತೂರುವ ಎಣ್ಣೆ ಬಿಟ್ಟು ಒಂದೆರಡು ದಿನ ಕಾಯಿರಿ. ಅರವತ್ತು ವರ್ಷ ಕಾದಿದೆ, ಇನ್ನೆರಡು ದಿನ ಕಾಯುತ್ತೆ.

ಬಿಚ್ಚುವಾಗ ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೋ ತೆಗೆದಿಡಿ, ಭಾಗಗಳನ್ನ ತೆಗೆದ ಕ್ರಮದಲ್ಲೇ ಸಾಲಾಗಿ ಬಟ್ಟೆಯ ಮೇಲಿಡಿ. ಹುಳುವಿಗೆ ತೆಳು ಎಣ್ಣೆ ಸಾಲದು, ಜಾರಿ ಹೋಗುತ್ತೆ, ಗ್ರೀಸೇ ಬೇಕು. ಹೊಸದಾಗಿ ಬಣ್ಣ ಬಳಿಯೋದು, ಕನ್ನಡಿಯಂತೆ ಪಾಲಿಶ್ ಮಾಡೋದು ನಮ್ಮ ಮಟ್ಟಿಗೆ ಸಲ್ಲದು. ಹಿಡಿಕೆಯ ಹತ್ತಿರ ಬಣ್ಣ ಸವೆದಿರೋದು ಒಬ್ಬರ ಹೆಬ್ಬೆರಳಿನ ಗುರುತು. ಅದನ್ನ ಅಳಿಸಿದ ಮೇಲೆ ರೀಲು ಹೊಸದಾಗಲ್ಲ, ಹಳೆಯದಾಗಿಯೂ ಉಳಿಯಲ್ಲ. ಇದರಲ್ಲಿ ಎಲ್ಲ ಸಂಗ್ರಾಹಕರೂ ನಮ್ಮ ಜೊತೆ ಒಪ್ಪಲ್ಲ.

ಸುರುಳಿಯಲ್ಲಿರೋ ಹಳೆ ನೈಲಾನ್ ದಾರ ತೆಗೆದುಬಿಡಿ, ವಯಸ್ಸಾಗಿ ಪೆಡಸಾಗಿರುತ್ತೆ. ಕತ್ತರಿಸಿ ತುಂಡು ಮಾಡಿ ಕಸಕ್ಕೆ ಹಾಕಿ. ಉದ್ದಕ್ಕೆ ಹೊರಗೆ ಬಿದ್ದರೆ ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತೆ.

ಸಸ್ಯಾಹಾರಿಗಳಿಗೆ ಈ ರೀಲು ಕಟ್ಟಿಕೊಂಡು ಏನು ಪ್ರಯೋಜನ ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಜರ್ಮನಿಯಲ್ಲಿ ನೀರಿನ ಹತ್ತಿರ ಹೋಗೋದೂ ಸುಲಭ ಅಲ್ಲ. ಮೀನು ಹಿಡಿಯೋಕೆ ಸಾಮಾನ್ಯವಾಗಿ ಪರೀಕ್ಷೆ ಪಾಸು ಮಾಡಿ ಫಿಷರೈಷೈನ್ ಅನ್ನೋ ಪರವಾನಗಿ ಪಡೀಬೇಕು, ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಪ್ರಾಣಿ ರಕ್ಷಣಾ ಕಾನೂನಿನ ಪ್ರಕಾರ ಸಕಾರಣವಿಲ್ಲದೆ ಪ್ರಾಣಿಗೆ ನೋವು ಕೊಡುವ ಹಾಗಿಲ್ಲ, ಹಾಗಾಗಿ ಬರೀ ಮೋಜಿಗೆ ಹಿಡಿದು ಬಿಡೋದು ಕೂಡ ಅಲ್ಲಿ ಕಾನೂನಿನ ತಕರಾರಿಗೆ ಸಿಕ್ಕೋ ವಿಷಯ. ಆದರೆ ಕಾಸ್ಟಿಂಗ್ ಅನ್ನೋ ಆಟಕ್ಕೆ ಮೀನೂ ಬೇಡ, ನೀರೂ ಬೇಡ. ಹುಲ್ಲುಹಾಸಿನ ಮೇಲೆ ಆರೆನ್‌ಬೆರ್ಗ್ ಅನ್ನೋ, ವೃತ್ತಗಳನ್ನ ಬರೆದ ಬಟ್ಟೆ ಹಾಸಿ, 7.5 ಗ್ರಾಂ ತೂಕದ ಪ್ಲಾಸ್ಟಿಕ್ ಗುಂಡನ್ನ ಗುರಿಯಿಟ್ಟು ಎಸೆಯೋದು. ಜರ್ಮನಿಯಲ್ಲಿ ಇದಕ್ಕೆ ಕ್ಲಬ್ಬುಗಳಿವೆ, ಸ್ಪರ್ಧೆಗಳಿವೆ. ಹಳೆ ರೀಲಿಗೆ ಇದಕ್ಕಿಂತ ಒಳ್ಳೆ ವ್ಯಾಯಾಮ ಇಲ್ಲ. ಗ್ರೀಸು ಹರಡುತ್ತೆ, ಸ್ಪ್ರಿಂಗು ಆಡುತ್ತೆ, ನಿಮ್ಮ ಭುಜವೂ ಆಡುತ್ತೆ. ಕಪಾಟಿನಲ್ಲಿ ಸುಮ್ಮನೆ ಕೂತ ರೀಲೇ ಬೇಗ ರಾಳಗಟ್ಟೋದು.

ಮ್ಯೂನಿಕ್ಕಿನ ನೊಯ್‌ಹೌಸರ್ ಬೀದಿಯಲ್ಲಿ ಹಳೆಯ ಅಗಸ್ಟೀನಿಯನ್ ಚರ್ಚಿನ ಕಟ್ಟಡದಲ್ಲಿ ಬೇಟೆ ಮತ್ತು ಮೀನುಗಾರಿಕೆಯ ಮ್ಯೂಸಿಯಂ ಇದೆ, ಬಾಗಿಲ ಬಳಿ ಕಂಚಿನ ಕಾಡುಹಂದಿಯ ಮೂಗು ಸವರಿ ಸವರಿ ಹೊಳೆಯುತ್ತಿರುತ್ತೆ. ಆ ಕಡೆ ಹೋದಾಗ ಗಾಳದ ಹಳೆ ಸಾಮಗ್ರಿಗಳ ವಿಭಾಗ ಕೇಳಿ ನೋಡಿ.

ಇನ್ನು ಎತ್ತಿಡೋ ವಿಷಯ. ರೀಲನ್ನ ಒಣಬಟ್ಟೆಯಿಂದ ಒರೆಸಿ, ಬಳೆ ಮುಚ್ಚಿದ ಸ್ಥಿತಿಯಲ್ಲಿಡಿ, ಸ್ಪ್ರಿಂಗಿನ ಮೇಲೆ ಒತ್ತಡ ಕಮ್ಮಿ ಇರುತ್ತೆ. ಡ್ರ್ಯಾಗಿನ ತಿರುಪನ್ನ ಪೂರ್ತಿ ಸಡಿಲ ಮಾಡಿ, ಇಲ್ಲದಿದ್ದರೆ ಫೆಲ್ಟು ಚಪ್ಪಟೆಯಾಗಿ ಹಾಗೇ ಕೂತುಬಿಡುತ್ತೆ. ಬಿಗಿಯಾಗಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ತೇವ ಉಳಿಯುತ್ತೆ, ಬಟ್ಟೆಯ ಚೀಲ ಒಳ್ಳೆಯದು. ಜೊತೆಗೆ ಒಂದು ಚೀಟಿ ಇಡಿ: ಯಾವ ಊರಿನ ಸಂತೆಯಲ್ಲಿ ಸಿಕ್ಕಿತು, ಯಾವ ವರ್ಷ, ಯಾವ ಭಾಗ ಬದಲಾಯಿಸಿದಿರಿ. ಮುಂದೆ ಅದನ್ನ ಬಿಚ್ಚೋರಿಗೆ ನಿಮ್ಮ ಸ್ಕ್ರೂಡ್ರೈವರಿನ ಗುರುತಿಗಿಂತ ಆ ಚೀಟಿ ಹೆಚ್ಚು ಉಪಯೋಗಕ್ಕೆ ಬರುತ್ತೆ.

ನಿಮ್ಮ ಹತ್ತಿರ ಯಾವುದೇ ರೀಲು ಇದ್ದರೆ, ಹಳೆಯದಾಗಲಿ ಹೊಸದಾಗಲಿ, ಬಳೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗುರುತು ಹಾಕಿ, ಹಿಡಿಕೆಯನ್ನ ಸರಿಯಾಗಿ ಹತ್ತು ಸುತ್ತು ತಿರುಗಿಸಿ, ಗುರುತು ಎಷ್ಟು ಸಲ ಹಾದುಹೋಯ್ತು ಎಣಿಸಿ, ಹತ್ತರಿಂದ ಭಾಗಿಸಿ. ಅದೇ ಗಿಯರ್ ಅನುಪಾತ. ರೀಲಿನ ಹೆಸರು, ಪಾದದ ಮೇಲಿನ ಅಚ್ಚು, ಈ ಅನುಪಾತ ಮೂರನ್ನೂ ನಮಗೆ ಬರೆದು ಕಳಿಸಿ.